ರಾಶಿ ಎಲ್ಲಿ ಬಿದ್ದಿದೆ ನೋಡು

ರಾತ್ರಿ 2:47. ಹಗಲೆಲ್ಲ ಲೇತ್ ಮಷಿನ್ನುಗಳ ಸದ್ದಿನಲ್ಲಿ ಮುಳುಗಿರುವ ಸುಂಕದಕಟ್ಟೆಯ ನಮ್ಮ ಕ್ರಾಸಿನಲ್ಲಿ ನಾಯಿಗಳೂ ಸುಮ್ಮನಾಗಿದ್ದವು. ಮಾಗಡಿ ರಸ್ತೆಯಲ್ಲಿ ಲಾರಿಯೊಂದು ಗೇರ್ ಬದಲಿಸಿದ್ದು ಮೂರನೇ ಮಹಡಿಯವರೆಗೂ ಕೇಳಿಸಿತು. ಅದರ ಬೆನ್ನಿಗೇ ದಿಂಬಿನ ಪಕ್ಕದ ಫೋನು ಅರಚಿಕೊಂಡಿತು. ಈ ವಾರದ ಆನ್‌ಕಾಲ್ ನನ್ನದು, ಸರ್ವರ್ ಕೆಟ್ಟರೆ ಎದ್ದು ನೋಡುವ ಸರದಿ.

ದಿವಾನದ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದೆ. ಪ್ರೊಮಿಥಿಯಸ್ ಎಂಬ ಕಾವಲು ತಂತ್ರಾಂಶ ನಮ್ಮಲ್ಲಿ 15 ಸೆಕೆಂಡಿಗೊಮ್ಮೆ ಸರ್ವರುಗಳನ್ನು ಮಾತಾಡಿಸಿ ಲೆಕ್ಕ ತರುತ್ತದೆ: ಎಷ್ಟು ಕೋರಿಕೆ ಬಂದವು, ಎಷ್ಟು ಹೊತ್ತು ಕಾದವು, ಎಷ್ಟು ಬರಿಗೈಲಿ ಹಿಂದಿರುಗಿದವು. ಆ ಲೆಕ್ಕವನ್ನು ಗೆರೆಯಾಗಿ ತೋರಿಸುವ ಗ್ರಫಾನಾ ಪರದೆಯ ಮೇಲೆ, ಸಂಜೆಯಿಂದ 200 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ನೆಲಕ್ಕಂಟಿಕೊಂಡಿದ್ದ, ಉತ್ತರ ಬರಲು ಹಿಡಿಯುವ ಹೊತ್ತಿನ ಹಸಿರು ಗೆರೆ ನೆಟ್ಟಗೆ ಮೇಲೆದ್ದು 8 ಸೆಕೆಂಡು ದಾಟಿತ್ತು. ಸಿಪಿಯು ತಣ್ಣಗಿತ್ತು. ಮೆಮೊರಿಯೂ ಸರಿ. ಕಾದು ಉತ್ತರ ಸಿಗಲಿಲ್ಲ ಎನ್ನುವ 504 ಎರರ್‌ಗಳು ಮಾತ್ರ ಸುರಿಯುತ್ತಲೇ ಇದ್ದವು. ನಮ್ಮದು ಹಣ ಪಾವತಿಯ ಸೇವೆ. ಒಂದೊಂದು 504 ಎಂದರೆ ಈ ಹೊತ್ತಿನಲ್ಲಿ ಯಾವುದೋ ಮೆಡಿಕಲ್ ಶಾಪಿನೆದುರು ಫೋನ್ ಹಿಡಿದು ನಿಂತ ಒಬ್ಬರು.

ಕಾಲ್‌ನಲ್ಲಿದ್ದ ಗೆಳೆಯ “ರೀಸ್ಟಾರ್ಟ್ ಮಾಡಿಬಿಡೋಣ್ವಾ?” ಅಂದ. ಮಾಡಿದರೆ ಆ ಗಳಿಗೆಗೆ ಸರಿಹೋಗಬಹುದು, ಜೊತೆಗೇ ಕಾರಣದ ಸುಳಿವೂ ಅಳಿಸಿಹೋಗುತ್ತದೆ. “ಐದು ನಿಮಿಷ ತಡಿ” ಅಂದೆ.

“ಏನಪ್ಪಾ, ಮತ್ತೆ ಬಂತಾ?” ಅಮ್ಮ ಎದ್ದು ಬಂದಳು. ಇಪ್ಪತ್ತು ವರ್ಷದಿಂದ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಿರುವವಳು. ಗಂಟೆಗೆಷ್ಟು ಪೀಸು ಎಂದು ಬೋರ್ಡಿನ ಮೇಲೆ ಬರೆಯುವ ಆ ಲೈನಿನ ಮಾತನ್ನು ನನಗೆ ಹೇಳಿಕೊಟ್ಟಿದ್ದೂ ಅವಳೇ: “ಬಂಡಲ್ ರಾಶಿ ಎಲ್ಲಿ ಬಿದ್ದಿದೆ ನೋಡು. ಅದರ ಮುಂದಿನ ಮಷಿನ್ನೇ ನಿಂತಿರೋದು.”

ರಾಶಿ ಬಿದ್ದದ್ದು ಅಪ್ಲಿಕೇಶನ್‌ನಲ್ಲಿ. ಅದರ ಮುಂದಿರುವುದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್. ಪೋಸ್ಟ್‌ಗ್ರೆಸ್‌ಗೆ ನಾವು ಬೇರೆ ಹೇಳದಿದ್ದರೆ ಅದು ಬಿಟ್ಟುಕೊಳ್ಳುವುದು 100 ಸಂಪರ್ಕ. ಅಷ್ಟೂ ಭರ್ತಿಯಾಗಿದ್ದವು, ಹೆಚ್ಚಿನವು ಕೆಲಸವಿಲ್ಲದೆ ಜಾಗ ಹಿಡಿದು ಕೂತಿದ್ದವು.

ಲಾಗ್‌ನಲ್ಲಿ ಮೊದಲ ಎರರ್ 21:14ರದು, ತಾರೀಖು ನಿನ್ನೆಯದು. ಸರ್ವರ್ ಮುಂಬೈಯಲ್ಲಿದ್ದರೂ ಅದರ ಗಡಿಯಾರ ಯುಟಿಸಿ, ನಮಗಿಂತ ಐದೂವರೆ ಗಂಟೆ ಹಿಂದೆ. ಆದ್ದರಿಂದ ಹಾಳೆಯ ಮೇಲೆ ಎರಡೂ ಸಮಯ ಬರೆದುಕೊಳ್ಳುತ್ತೇನೆ. 21:00 ಅಂದರೆ ನಮ್ಮ 2:30. ದಿನದ ಲೆಕ್ಕ ತೆಗೆಯುವ ಕೆಲಸ ಶುರುವಾಗುವ ಹೊತ್ತು. ಅದರ ಕೋಡನ್ನು ಸಂಜೆಯಷ್ಟೇ ಬದಲಿಸಿದ್ದೆವು. ಹೊಸ ಕೋಡು ಸಂಪರ್ಕ ತೆರೆಯುತ್ತಿತ್ತು, ಮುಚ್ಚುತ್ತಿರಲಿಲ್ಲ.

ಹೀಗೇ ರಾಶಿ ಬಿದ್ದಿದ್ದ ಇನ್ನೊಂದು ದಿನ, 2025ರ ಅಕ್ಟೋಬರ್ 20ರ ನರಕ ಚತುರ್ದಶಿಯ ಮಧ್ಯಾಹ್ನ ನೆನಪಾಯಿತು. ಸಿಗ್ನಲ್, ಸ್ನ್ಯಾಪ್‌ಚಾಟ್‌ನಂಥವು ಜಗತ್ತಿನಾದ್ಯಂತ ತಡವರಿಸಿದ ದಿನ. ಮೂಲ ಇದ್ದದ್ದು ಅಮೆಜಾನ್ ಕ್ಲೌಡ್‌ನ ವರ್ಜೀನಿಯಾ ಕೇಂದ್ರದಲ್ಲಿ. ಡೈನಮೋಡಿಬಿ ಎಂಬ ಡೇಟಾಬೇಸಿನ ವಿಳಾಸ ನೋಡಿಕೊಳ್ಳುವ ಸ್ವಯಂಚಾಲಿತ ವ್ಯವಸ್ಥೆ ತನ್ನ ಕೆಲಸವನ್ನು ತಾನೇ ತುಳಿದು, ಡಿಎನ್‌ಎಸ್ ದಾಖಲೆಯನ್ನು ಖಾಲಿ ಬಿಟ್ಟಿತ್ತು. ರಾಶಿ ಬಿದ್ದದ್ದು ಊರೂರಿನಲ್ಲಿ, ನಿಂತಿದ್ದು ಒಂದು ವಿಳಾಸ.

3:19ಕ್ಕೆ ಹಳೆಯ ಕೋಡಿಗೆ ರೋಲ್‌ಬ್ಯಾಕ್ ಮಾಡಿ, ಸಿಕ್ಕಿಕೊಂಡಿದ್ದ ಸಂಪರ್ಕಗಳನ್ನು ಬಿಡಿಸಿದೆವು. ಗೆರೆ ಮೊದಲು ಅಲುಗಿತು, ಆಮೇಲೆ ಮೆಲ್ಲಗೆ ಇಳಿದು ನೆಲ ಹಿಡಿಯಿತು. ಅದು ಇಳಿಯುವುದನ್ನು ನೋಡುವಾಗ ಬರುವ ನೆಮ್ಮದಿಗೋಸ್ಕರವೇ ಈ ಕೆಲಸ ನನಗಿಷ್ಟ.

ನಡೆದದ್ದನ್ನೆಲ್ಲ ಬರೆದು ಮುಗಿಸುವಾಗ 4:30. ಅಡುಗೆಮನೆಯಲ್ಲಿ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದ ಅಮ್ಮ ಕೇಳಿದಳು: “ಯಾವ ಮಷಿನ್ನಪ್ಪಾ ನಿಂತಿದ್ದು?”