ಮಡಿಲ ಮಗುವೂ ಮೋಟಾರಿನ ವೇಗವೂ

ಮೋಟಾರಿನಲ್ಲಿ ಪ್ರಯಾಣ ಹೊರಟಾಗ ಎಳೆಯ ಮಗುವನ್ನು ತಾಯಿಯೋ ಅಜ್ಜಿಯೋ ಮಡಿಲಲ್ಲಿ ಕುಳ್ಳಿರಿಸಿಕೊಳ್ಳುವುದು ನಮ್ಮಲ್ಲಿ ರೂಢಿ. ತನ್ನ ತೋಳಿನಲ್ಲಿರುವಾಗ ಮಗುವಿಗೆ ಭಯವೇನು ಎಂಬುದು ಅವರ ಧೈರ್ಯ. ಈ ಧೈರ್ಯವು ಪ್ರೀತಿಯಿಂದ ಬಂದುದೇ ಹೊರತು ಲೆಕ್ಕದಿಂದ ಬಂದುದಲ್ಲ. ಹೈಸ್ಕೂಲಿನ ಹುಡುಗರು ಮಾಡುವ ಭೌತವಿಜ್ಞಾನದ ಲೆಕ್ಕವೊಂದನ್ನು ವಾಚಕರು ನಮ್ಮೊಡನೆ ಮಾಡಿ ನೋಡಬೇಕು; ಒಂದು ಪೆನ್ಸಿಲು, ಕಾಗದದ ಒಂದು ಚೂರು ಇದ್ದರೆ ಸಾಕು.

ಮಗುವಿನ ತೂಕ 10 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಗಾಡಿಯು ಗಂಟೆಗೆ 36 ಕಿಲೋಮೀಟರು ಓಡುತ್ತಿದೆ. ಪೇಟೆಯ ಬೀದಿಗೆ ಇದು ಅತಿವೇಗವೇನಲ್ಲ. ಮೊದಲು ಇದನ್ನು ಸೆಕೆಂಡಿಗೆ ಇಷ್ಟು ಮೀಟರು ಎಂದು ಮಾರ್ಪಡಿಸಿಕೊಳ್ಳಬೇಕು. ವಿದ್ಯಾರ್ಥಿಗಳು ಎಡವುವುದು ಬಹುಮಟ್ಟಿಗೆ ಇಲ್ಲಿಯೇ. 36,000 ಮೀಟರನ್ನು 3,600 ಸೆಕೆಂಡಿನಿಂದ ಭಾಗಿಸಿದರೆ 10 ಬರುವುದು. ತೂಕದ 10ನ್ನು ವೇಗದ 10ರಿಂದ ಗುಣಿಸಿದರೆ 100. ಇದೇ ಮಗುವಿನ ಸಂವೇಗ.

ಈಗ ಗಾಡಿಯು ಗೋಡೆಗೆ ತಾಕಿ ತಟ್ಟನೆ ನಿಂತಿತೆನ್ನಿ. ಗಾಡಿ ನಿಂತ ಮಾತ್ರಕ್ಕೆ ಮಗುವಿನ ಸಂವೇಗವು ನಿಲ್ಲದು. ಅದನ್ನು ಕಳೆಯಲು ಮತ್ತೊಂದು ಬಲ ಬೇಕು. ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಲ್ಲಿಸಬೇಕಾದರೆ, 100ನ್ನು 0.1ರಿಂದ ಭಾಗಿಸಿದಾಗ 1,000 ನ್ಯೂಟನ್ ಬಲವಾಯಿತು. ಸುಮಾರು 100 ಕಿಲೋಗ್ರಾಮಿನ ಅಕ್ಕಿಮೂಟೆಯನ್ನು ಹೊತ್ತು ಹಿಡಿಯುವಷ್ಟು ಬಲವಿದು! ಅದೂ ಕಣ್ಣೆವೆ ಮುಚ್ಚುವುದರೊಳಗೆ, ತಾಯಿಯೂ ಮುಂದಕ್ಕೆ ಎಸೆಯಲ್ಪಡುತ್ತಿರುವಾಗ.

ನಮ್ಮ ಮನೆಯ ಹಿರಿಯರಿಗೆ ಈ ಲೆಕ್ಕವನ್ನು ತೋರಿಸಿದೆವು. ನ್ಯೂಟನ್ನನ ಮಾತಿಗೆ ಅವರು ಸೊಪ್ಪುಹಾಕಲಿಲ್ಲ. ಆಗ ಚಲನಶಕ್ತಿಯ ಲೆಕ್ಕ ಮಾಡಿದೆವು: ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ 500 ಜೌಲು. ಸುಮಾರು 5 ಮೀಟರು ಎತ್ತರದಿಂದ ಬಿದ್ದರೂ ಇಷ್ಟೇ ಪೆಟ್ಟು. ವೇಗವು 72ಕ್ಕೆ ಏರಿದರೆ, ಅಂದರೆ ಇಮ್ಮಡಿಯಾದರೆ, ಶಕ್ತಿಯು ನಾಲ್ಮಡಿಯಾಗಿ 2,000 ಜೌಲಾಗುವುದು. ಎತ್ತರವು 20 ಮೀಟರಾಗುವುದು. ಹಿತ್ತಲಿನ ತೆಂಗಿನ ಮರವನ್ನು ತೋರಿಸಿ, ಅದರ ತುದಿಯಿಂದ ಎಂದೆವು. ಅಜ್ಜಿಯವರು ಮೌನವಾದರು.

ಸಂವೇಗವನ್ನಂತೂ ಕಳೆಯಲೇಬೇಕು, ಕಳೆಯುವ ಕಾಲವನ್ನು ಹಿಗ್ಗಿಸಿದರೆ ಬಲವು ಕುಗ್ಗುವುದು. ಮರ ಹತ್ತಿದವನು ಕಿತ್ತೆಸೆದ ಮಾವಿನ ಹಣ್ಣನ್ನು ಕೆಳಗಿನವರು ಸಡಿಲವಾಗಿ ಹಿಡಿದ ಗೋಣಿಯಲ್ಲಿ ತಾಳಿಕೊಳ್ಳುವುದು ಇದಕ್ಕಾಗಿಯೇ. ವೋಲ್ವೋ ಕಂಪೆನಿಯ ನಿಲ್ಸ್ ಬೋಲಿನ್ ಎಂಬ ಇಂಜಿನಿಯರು ರೂಪಿಸಿದ, 1959ರಲ್ಲಿ ಕಾರುಗಳಿಗೆ ಬಂದ ಮೂರು ಬಿಂದುಗಳ ಸೀಟ್ ಬೆಲ್ಟಿನ ಗುಟ್ಟೂ ಇದೇ. ಅದು ತುಸು ಹಿಗ್ಗಿ, ಪೆಟ್ಟನ್ನು ಎದೆ ಸೊಂಟಗಳ ಗಟ್ಟಿ ಎಲುಬುಗಳಿಗೆ ಹಂಚುವುದು. ಆದರೆ ತಾಯಿಯ ಬೆಲ್ಟಿನೊಳಗೇ ಮಗುವನ್ನು ಸೇರಿಸಿಕೊಳ್ಳುವುದು ಕೂಡದು. ತಾಯಿಯ ಮೈಭಾರವೇ ಮಗುವನ್ನು ಜಜ್ಜೀತು. ಹಿಂಬದಿಯಲ್ಲಿ, ಮಗುವಿನ ತೂಕಕ್ಕೂ ಎತ್ತರಕ್ಕೂ ಒಪ್ಪುವ ಪ್ರತ್ಯೇಕವಾದ ಪುಟ್ಟ ಆಸನವೇ ತಕ್ಕುದು.

ಕಂದನನ್ನು ಕಟ್ಟಿಹಾಕುವುದೇ ಎಂದು ಅಜ್ಜಿಯವರು ಮೊದಲು ಮುನಿದದ್ದುಂಟು. ಕಳೆದ ವಾರ ಊರಿಗೆ ಹೊರಟಾಗ ಆಸನದ ಕೊಂಡಿಯನ್ನು ಎರಡು ಸಲ ಎಳೆದು ನೋಡಿದವರು ಅವರೇ. ಆಮೇಲೆ ತಮ್ಮ ಬೆಲ್ಟನ್ನೂ ಬಿಗಿದುಕೊಂಡು, ದಾರಿಯುದ್ದಕ್ಕೂ ಮಗುವಿನ ಕೈ ಹಿಡಿದು ಕುಳಿತಿದ್ದರು.