ಬಾಟಲಿಗೆ ಒಗ್ಗದ ಬೋಜ

ಆಷಾಢದ ಮಳೆ ಹಿಡಿಯಿತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಅಡುಗೆಮನೆಗಳಲ್ಲಿ ದೋಸೆ ಹಿಟ್ಟಿಗೂ ಮುನಿಸು. ರಾತ್ರಿ ರುಬ್ಬಿಟ್ಟದ್ದು ಬೆಳಿಗ್ಗೆ ನೋಡಿದರೆ ಇಟ್ಟ ಹಾಗೇ ಕೂತಿರುತ್ತದೆ. ಅಮ್ಮ ಪಾತ್ರೆಯನ್ನು ಒಲೆಯ ಬುಡಕ್ಕೆ ಸರಿಸುತ್ತಾಳೆ, ಹಳೆಯ ಹಿಟ್ಟಿನ ಒಂದು ಸೌಟು ಬೆರೆಸುತ್ತಾಳೆ. ಪಾಠದಲ್ಲಿ 'ಹುದುಗುವಿಕೆ' ಎಂದು ಬರೆದು ಅಂಕ ಗಿಟ್ಟಿಸುವ ಮಗನಿಗೆ ಇದೂ ಅದೇ ವಿಜ್ಞಾನ ಎಂದು ಹೊಳೆಯುವುದು ಅಪರೂಪ.

ಈ ವಿದ್ಯೆಯ ಇನ್ನೊಂದು ಕವಲು ಅಕ್ಕಿ ಬೋಜ. ಈ ಮೂರು ತಾಲ್ಲೂಕುಗಳ ಹಳ್ಳಿಗಳಲ್ಲಿ, ಮುಖ್ಯವಾಗಿ ದೀವರ ಮನೆಗಳಲ್ಲಿ, ಹಿಂದಿನಿಂದ ಬಂದ ಪಾನೀಯ ಅದು. ದೀವರ ಹೆಂಗಸರ ಹಸೆ ಚಿತ್ತಾರ ಇಂದು ನಗರಗಳ ಪ್ರದರ್ಶನಗಳಿಗೆ ಹೋಗಿದೆ. ಬೋಜದ ಮಾತು ಬಂದರೆ ಮಾತ್ರ ದನಿ ತಗ್ಗುತ್ತದೆ. ಕಾರಣ ಸರಳ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಮನೆಯ ಮಡಕೆಗೂ ಅದರಿಂದ ವಿನಾಯಿತಿ ಇಲ್ಲ.

ಬೋಜದ ಕ್ರಮ ಮನೆಯಿಂದ ಮನೆಗೆ ಬೇರೆಯಾದರೂ ತಿರುಳು ಒಂದೇ. ಬೇರು, ತೊಗಟೆಗಳ ಪುಡಿಯನ್ನು ಅಕ್ಕಿಹಿಟ್ಟಿನಲ್ಲಿ ಕಲಸಿ ಒಣಗಿಸಿದ ಹೆಪ್ಪು, ಬೇಯಿಸಿ ಆರಿಸಿದ ಅನ್ನ, ಮಡಕೆ, ಕೆಲವು ದಿನಗಳ ತಾಳ್ಮೆ. ನೋಡಲು ಸುಲಭ. ಆದರೆ ಇದರೊಳಗೆ ಒಂದು ದೊಡ್ಡ ಸಮಸ್ಯೆಗೆ ಉತ್ತರವಿದೆ. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಅನ್ನದಲ್ಲಿರುವುದು ಪಿಷ್ಟ, ಸಕ್ಕರೆಯಲ್ಲ. ಪಿಷ್ಟವನ್ನು ಈ ಯೀಸ್ಟ್ ಮುಟ್ಟಲಾರದು. ಹಾಗಾದರೆ ಪಿಷ್ಟವನ್ನು ಮುರಿಯುವವರು ಯಾರು?

ಯುರೋಪಿನವರು ಈ ಕೆಲಸವನ್ನು ಮೊಳಕೆಗೆ ಒಪ್ಪಿಸಿದರು. ಧಾನ್ಯ ಮೊಳೆಯುವಾಗ ಅದರಲ್ಲೇ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಇದೇನೂ ನಮಗೆ ಹೊಸದಲ್ಲ. ಮೊಳಕೆ ಕಟ್ಟಿದ ರಾಗಿಯಿಂದ ಮಗುವಿಗೆ ಸರಿ ಕಾಯಿಸಿದರೆ ಅದು ಬರಿ ರಾಗಿಯ ಗಂಜಿಗಿಂತ ತೆಳ್ಳಗಾಗುವುದು, ಸಿಹಿಯಾಗುವುದು ಆ ಕಿಣ್ವದಿಂದಲೇ. ಬಾರ್ಲಿಯ ಜೊತೆ ಗೋಧಿಯ ಮೊಳಕೆಯನ್ನೂ ಧಾರಾಳವಾಗಿ ಸೇರಿಸಿದರೆ ಗೋಧಿ ಬಿಯರ್. ಜರ್ಮನಿಯ ಬವೇರಿಯಾ ಅದರ ತವರು. ಅಲ್ಲಿನ ಯೀಸ್ಟಿನ ತಳಿಗಳು ಬಾಳೆಹಣ್ಣು, ಲವಂಗದ ಪರಿಮಳ ಹುಟ್ಟಿಸುತ್ತವೆ. ಬಾಳೆಹಣ್ಣನ್ನಾಗಲಿ ಲವಂಗವನ್ನಾಗಲಿ ಯಾರೂ ಹಾಕಿರುವುದಿಲ್ಲ.

ಅಕ್ಕಿಯನ್ನು ನೆಚ್ಚಿದ ಏಷ್ಯಾದ ನಾಡುಗಳು ಹಿಡಿದದ್ದು ಬೇರೆ ದಾರಿ. ಇಲ್ಲಿ ಪಿಷ್ಟವನ್ನು ಮುರಿಯುವುದು ಬೂಷ್ಟು. ಅಕ್ಕಿ ಪಾನೀಯಗಳ ಹೆಪ್ಪಿನಲ್ಲಿ ಬೂಷ್ಟೂ ಯೀಸ್ಟೂ ಒಟ್ಟಿಗೇ ವಾಸ. ಒಂದು ಸಕ್ಕರೆ ಮಾಡುತ್ತಿದ್ದಂತೆ ಇನ್ನೊಂದು ಅದನ್ನು ತಿನ್ನುತ್ತದೆ. ಬಿಯರಿಗೆ ಹಾಪ್ಸ್ ಹೂವು ಕಹಿಯನ್ನೂ ಪರಿಮಳವನ್ನೂ ಕೊಟ್ಟು, ಬೇಡದ ಬ್ಯಾಕ್ಟೀರಿಯಾಗಳನ್ನು ದೂರವಿಡುತ್ತದೆ. ಹೆಪ್ಪಿನ ಬೇರು, ತೊಗಟೆಗಳಲ್ಲೂ ಇಂಥ ಗುಣ ಯಾವುದರಲ್ಲಿದೆ ಎಂದು ಹುಡುಕುವುದು ಸಸ್ಯಶಾಸ್ತ್ರ ಓದುವವರಿಗೆ ಒಳ್ಳೆಯ ಕೆಲಸ.

ಎರಡರ ದಾರಿ ನಿಜವಾಗಿ ಬೇರೆಯಾಗುವುದು ಬಾಟಲಿಯ ಬಾಯಲ್ಲಿ. ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಅನುಮತಿ ಇರುವ ದೇಶಗಳಿವೆ. ಬ್ರಿಟನ್ನಿನಲ್ಲಿ 1963ರಲ್ಲಿ ಪರವಾನಗಿಯ ಕಟ್ಟಳೆ ಹೋಯಿತು. ಅಮೆರಿಕದಲ್ಲಿ 1978ರಲ್ಲಿ ಕಾನೂನು ಸಡಿಲಾಯಿತು. ಅಲ್ಲಿನ ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಬಿಯರ್ ಪೂರ್ತಿ ಹುದುಗಿದ ಮೇಲೆ ನೊರೆಗೆಂದು ಲೀಟರಿಗೆ ಸುಮಾರು ಎರಡು ಚಮಚೆ ಸಕ್ಕರೆ ಬೆರೆಸಿ ಮುಚ್ಚಳ ಬಿಗಿಯುತ್ತಾರೆ. ಉಳಿದ ಯೀಸ್ಟ್ ಅದನ್ನು ತಿಂದು ಅನಿಲ ಬಿಡುತ್ತದೆ. ಒಂದು ಗ್ರಾಂ ಸಕ್ಕರೆಯಿಂದ ಹುಟ್ಟುವ ಅನಿಲ ಸುಮಾರು ಕಾಲು ಲೀಟರ್! ಗೋಧಿ ಬಿಯರಿಗೆ ನೊರೆ ಜಾಸ್ತಿ. ಕೋಣೆಯ ಬಿಸಿಯಲ್ಲಿ ಅದರ ಬಾಟಲಿಯೊಳಗಿನ ಒತ್ತಡ ಕಾರಿನ ಟೈರಿನದ್ದನ್ನೂ ಮೀರುತ್ತದೆ. ಅವಸರಪಟ್ಟು, ಹುದುಗು ಮುಗಿಯುವ ಮೊದಲೇ ತುಂಬಿದರೆ ಗಾಜು ಸಿಡಿಯುತ್ತದೆ. ಕಣ್ಣಿಗೆ, ಕೈಗೆ ಪೆಟ್ಟಾದವರಿದ್ದಾರೆ. ದಿನಗಟ್ಟಲೆ ಸಾಂದ್ರತೆ ಅಳೆದು, ಅದು ಇಳಿಯುವುದು ನಿಂತ ಮೇಲೆಯೇ ಬಾಟಲಿಗೆ ಕೈ ಹಾಕಬೇಕೆಂಬ ನಿಯಮ ಬಂದದ್ದು ಇದಕ್ಕೇ.

ಬೋಜಕ್ಕೆ ಈ 'ಮುಗಿಯಿತು' ಎಂಬ ಘಟ್ಟವೇ ಇಲ್ಲ. ಸೋಸಿದ ಮೇಲೂ ಅದರಲ್ಲಿ ಪಿಷ್ಟ ಉಳಿದಿರುತ್ತದೆ, ಬೂಷ್ಟಿನ ಕಿಣ್ವ ಉಳಿದಿರುತ್ತದೆ, ಯೀಸ್ಟ್ ಜೀವಂತವಿರುತ್ತದೆ. ಮುಚ್ಚಳ ಬಿಗಿದರೆ ಬಾಂಬು, ತೆರೆದಿಟ್ಟರೆ ಹುಳಿ. ಆದ್ದರಿಂದಲೇ ಅದು ಮನೆಯ ಹೊಸಿಲು ದಾಟಿ ಅಂಗಡಿಯ ಸರಕಾಗಲಿಲ್ಲ. ಬಾಟಲಿಗಿಳಿದದ್ದಕ್ಕೆ ಲೇಬಲ್ಲು, ತೆರಿಗೆ, ಪರವಾನಗಿ ಎಲ್ಲ ಸಿಕ್ಕವು. ಮಡಕೆಯಲ್ಲೇ ಉಳಿದದ್ದು ಕಳ್ಳಮಾಲಾಯಿತು.

ಗೋಧಿ ಬಿಯರಿನ ಜಾತಕವೂ ಅಷ್ಟು ಶುದ್ಧವಲ್ಲ ಎಂಬುದು ತಮಾಷೆ. 1516ರ ಬವೇರಿಯಾದ ಕಾನೂನು ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಮಾತ್ರ ಎಂದಿತು. ಗೋಧಿಗೆ ಅಲ್ಲಿ ಜಾಗವಿರಲಿಲ್ಲ. (ಯೀಸ್ಟಿನ ಹೆಸರೂ ಇರಲಿಲ್ಲ, ಅದರ ಕೆಲಸವೇನೆಂದು ಲೂಯಿ ಪಾಶ್ಚರ್ ತೋರಿಸಿಕೊಡಲು ಇನ್ನೂ 300ಕ್ಕೂ ಹೆಚ್ಚು ವರ್ಷ ಬೇಕಿತ್ತು.) 1602ರಲ್ಲಿ ಗೋಧಿ ಬಿಯರಿನ ಹಕ್ಕನ್ನು ದೊರೆಯೇ ತನ್ನ ಕೈಗೆ ತೆಗೆದುಕೊಂಡ. ಜನಸಾಮಾನ್ಯರಿಗೆ ಬೇಡವೆಂದಿದ್ದ ಆ ಪಾನೀಯವನ್ನೇ ಇಂದು ಬೆಂಗಳೂರಿನ ಪಬ್ಬುಗಳು ಅಲ್ಲಿಯೇ ತಯಾರಿಸಿ, ಪರವಾನಗಿ ಪಡೆದು ಮಾರುತ್ತಿವೆ.

ಹಾಗೆಂದು ಮನೆಮದ್ಯವನ್ನು ಹೊಗಳಿ ಕೈತೊಳೆದುಕೊಳ್ಳುವಂತಿಲ್ಲ. ಕುಡಿತದಿಂದ ಒಡೆದ ಸಂಸಾರಗಳು ಮಲೆನಾಡಿನಲ್ಲೂ ಇವೆ, ಅದರ ಲೆಕ್ಕ ತಾಯಂದಿರಿಗೆ ಚೆನ್ನಾಗಿ ಗೊತ್ತು. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತರು. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಅಂದು ಜೀವ ತೆಗೆದದ್ದು ಮೆಥನಾಲ್. ಅನ್ನ ಹುದುಗುವಾಗ ಅದು ಹುಟ್ಟುವುದು ಅತ್ಯಲ್ಪ. ಕೊಂದದ್ದು ಲಾಭದ ಆಸೆಗೆ ಬೆರಕೆಯಾದ ವಿಷ. ಕಾನೂನು ಮಡಕೆಯನ್ನು ತಡೆಯುವುದು ಒಂದು ಮಾತು. ಅದರೊಂದಿಗೆ ಹೆಪ್ಪಿನ ಅರಿವೂ ಅಳಿದರೆ ಆಗುವ ನಷ್ಟ ಬೇರೆಯದು. ಯಾವ ಬೇರು, ಯಾವ ತೊಗಟೆ, ಎಷ್ಟು ಎಂಬುದು ಅಜ್ಜಿಯರ ಬಾಯಲ್ಲಿದೆ. ಮೊಮ್ಮಕ್ಕಳ ನೋಟುಪುಸ್ತಕಕ್ಕೆ ಬಂದಿಲ್ಲ. ಅಸ್ಸಾಮಿನ ದಿಮಾಸಾ ಜನರ ಅಕ್ಕಿ ಪಾನೀಯ ಜುದಿಮಾಕ್ಕೆ 2021ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತು. ಗೋವೆಯ ಫೆನಿಗೆ 2009ರಲ್ಲೇ ಸಿಕ್ಕಿತ್ತು.

ಕಾಲೇಜಿನ ಹುಡುಗ ಹುಡುಗಿಯರು ಇದಕ್ಕಾಗಿ ಮದ್ಯ ಮಾಡಬೇಕಿಲ್ಲ, ಮಾಡಲೂಬಾರದು. ಅಜ್ಜಿ ಹೇಳಿದ ಗಿಡದ ಹೆಸರನ್ನು ಆಕೆಯ ಮಾತಿನಲ್ಲೇ ಬರೆದುಕೊಂಡು, ಎಲೆಯೊಂದನ್ನು ಒಣಗಿಸಿ ಸಸ್ಯಶಾಸ್ತ್ರದ ಮೇಷ್ಟರಿಗೆ ತೋರಿಸಬಹುದು. ಅಮ್ಮನ ದೋಸೆ ಹಿಟ್ಟಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಡಬಹುದು. ಅದೇ ಹಿಟ್ಟನ್ನು ಒಂದು ಬಾಟಲಿಗೆ ಅರ್ಧ ಸುರಿದು, ಬಾಯಿಗೆ ಮುಚ್ಚಳದ ಬದಲು ಬಲೂನು ಸಿಕ್ಕಿಸಿ ಒಲೆಯ ಬುಡದಲ್ಲಿಟ್ಟರೆ ಬೆಳಗಾಗುವಾಗ ಬಲೂನು ತಲೆಯೆತ್ತಿರುತ್ತದೆ.