ದಿನ ತುಂಬದ ಶಿಶುವಿಗೆ ಹನಿಹಾಲು

ಹಸು ಕರು ಹಾಕಿದಾಗ ಮೊದಲ ಗಿಣ್ಣುಹಾಲನ್ನು ಕರುವಿಗೆ ಕುಡಿಸಲೇಬೇಕೆಂಬುದು ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಕೃಷಿಕರಿಗೆಲ್ಲ ತಿಳಿದ ವಿಷಯ. ಕರೆಯದೆ ಬಿಟ್ಟ ಹಸುವಿನ ಹಾಲು ಬತ್ತಿಹೋಗುವುದೆಂಬುದೂ ಅವರಿಗೆ ಗೊತ್ತು. ಈ ಎರಡು ಸಂಗತಿಗಳು ಮನುಷ್ಯರಿಗೂ ಅನ್ವಯಿಸುತ್ತವೆ. ದಿನ ತುಂಬುವ ಮೊದಲೇ ಹುಟ್ಟಿದ ಶಿಶುವಿನ ಅಳಿವು ಉಳಿವು ಅನೇಕವೇಳೆ ಇವನ್ನೇ ಅವಲಂಬಿಸಿರುತ್ತದೆ.

ಗರ್ಭದ ಪೂರ್ಣಾವಧಿ ಸುಮಾರು ೪೦ ವಾರಗಳು. ೨೮ ವಾರ ತುಂಬುವ ಮೊದಲು ಜನಿಸಿದ ಶಿಶು ಸಾಮಾನ್ಯವಾಗಿ ೧ ಕಿಲೋಗ್ರಾಂ ಆಸುಪಾಸಿನಲ್ಲಿ ತೂಗುತ್ತದೆ. ಹೀರುವುದು, ನುಂಗುವುದು, ಉಸಿರಾಡುವುದು, ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಸುಮಾರು ೩೪ನೆಯ ವಾರದವರೆಗೆ ಅದಕ್ಕಿರುವುದಿಲ್ಲ. ಆದುದರಿಂದ ಬಾಯಿಯ ಅಥವಾ ಮೂಗಿನ ಮೂಲಕ ಜಠರಕ್ಕೆ ಸಣ್ಣ ನಳಿಕೆಯನ್ನು ಇಳಿಸಿ ಹಾಲುಣಿಸುತ್ತಾರೆ. ನಳಿಕೆಯ ಮೇಲ್ತುದಿಯನ್ನು ಎತ್ತಿ ಹಿಡಿದರೆ ಸಾಕು, ಗುರುತ್ವವೇ ಹಾಲನ್ನು ಇಳಿಸುತ್ತದೆ.

ಎಷ್ಟು ಹಾಲು? ಮೊದಲ ದಿನಗಳಲ್ಲಿ ಕಿಲೋಗ್ರಾಂ ತೂಕಕ್ಕೆ ದಿನಕ್ಕೆ ೧೦ರಿಂದ ೨೦ ಮಿಲಿಲೀಟರ್ ಮಾತ್ರ. ಎರಡು ಗಂಟೆಗೊಮ್ಮೆ ಕೊಟ್ಟರೆ ಸಲಕ್ಕೆ ಸುಮಾರು ೧ ಮಿಲಿಲೀಟರ್, ಅಂದರೆ ೨೦ ಹನಿಗಳಷ್ಟೆ! ಇದು ಹಸಿವೆ ತಣಿಸಲು ಅಲ್ಲ, ಕರುಳನ್ನು ಕೆಲಸಕ್ಕೆ ಅಣಿಗೊಳಿಸಲು. ಉಳಿದ ಪೋಷಣೆ ರಕ್ತನಾಳದ ಮೂಲಕ ಸಲ್ಲುತ್ತದೆ. ಅನಂತರ ಹಾಲನ್ನು ದಿನದಿನಕ್ಕೆ ಏರಿಸುತ್ತಾರೆ. ದಿನಕ್ಕೆ ೧೮ ಮಿಲಿಲೀಟರಿನಂತೆ ಏರಿಸಿದರೂ ೩೦ರಂತೆ ಏರಿಸಿದರೂ ಎರಡು ವರ್ಷದ ವಯಸ್ಸಿನಲ್ಲಿ ಮಕ್ಕಳ ಆರೋಗ್ಯದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲವೆಂದು ೨೦೧೯ರಲ್ಲಿ ಬ್ರಿಟನ್ನಿನ ದೊಡ್ಡ ಪ್ರಯೋಗವೊಂದು ತಿಳಿಸಿತು.

ಯಾವ ಹಾಲು ಎಂಬುದು ಮಾತ್ರ ಬಹು ಮುಖ್ಯ. ಇಂಥ ಶಿಶುಗಳಲ್ಲಿ ಕರುಳಿನ ಗೋಡೆಯೇ ಸಾಯುವ ಭೀಕರ ರೋಗವೊಂದುಂಟು. ಹಸುವಿನ ಹಾಲಿನಿಂದ ತಯಾರಿಸಿದ ಪುಡಿಹಾಲಿಗಿಂತ ತಾಯಿಯ ಹಾಲು ಕುಡಿದವುಗಳಲ್ಲಿ ಅದು ಕಡಿಮೆ. ತಾಯಿಯ ಹಾಲು ಸಾಲದಿದ್ದರೆ ಬೇರೆ ತಾಯಂದಿರು ದಾನವಿತ್ತ ಹಾಲನ್ನು ೬೨.೫ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ೩೦ ನಿಮಿಷ ಕಾಯಿಸಿ ಕೊಡುತ್ತಾರೆ. ಇಂಥ ಹಾಲಿನ ಭಂಡಾರ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ೧೯೮೯ರಲ್ಲಿಯೂ, ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ ೨೦೨೨ರಲ್ಲಿಯೂ ಆರಂಭವಾಯಿತು.

ಆಹಾರದೊಡನೆ ಶಾಖದ ಲೆಕ್ಕವೂ ಸೇರಿದೆ. ವಸ್ತು ಚಿಕ್ಕದಾದಷ್ಟೂ ತೂಕದ ಹೋಲಿಕೆಯಲ್ಲಿ ಅದರ ಮೈ ವಿಸ್ತಾರ ಹೆಚ್ಚೆಂದು ನಾವು ಭೌತಶಾಸ್ತ್ರದ ತರಗತಿಯಲ್ಲಿ ಹೇಳುವುದುಂಟು. ಆಕಾರ ಒಂದೇ ಎಂದು ಭಾವಿಸಿದರೆ, ೬೪ ಕಿಲೋಗ್ರಾಂ ತೂಗುವ ವ್ಯಕ್ತಿಗಿಂತ ೧ ಕಿಲೋಗ್ರಾಂ ಶಿಶುವಿಗೆ ತೂಕಕ್ಕೆ ಅನುಗುಣವಾಗಿ ೪ ಪಟ್ಟು ಚರ್ಮವಿರುತ್ತದೆ. ಅದರ ಮೂಲಕ ಸೋರುವ ಶಾಖವೆಲ್ಲ ಮೈ ಬೆಳೆಸಬೇಕಾಗಿದ್ದ ಆಹಾರವೇ. ವೈದ್ಯರು ಒಪ್ಪಿದೊಡನೆ ಶಿಶುವನ್ನು ತಾಯಿಯ ಬರಿಯ ಎದೆಗೆ ಒರಗಿಸಿಕೊಂಡರೆ ಶಾಖವೂ ಉಳಿಯುತ್ತದೆ, ಹಾಲೂ ಹೆಚ್ಚುತ್ತದೆ. ಈ ಕ್ರಮ ೧೯೭೮ರಲ್ಲಿ ಕೊಲಂಬಿಯ ದೇಶದ ಬೊಗೋಟದಲ್ಲಿ ಆರಂಭವಾಯಿತು.

ಈ ಮೂರು ತಾಲ್ಲೂಕು ಕೇಂದ್ರಗಳಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ೬೦ ಕಿಲೋಮೀಟರಿನಷ್ಟೋ ಇನ್ನೂ ಹೆಚ್ಚೋ ದೂರ. ಮಳೆಗಾಲದಲ್ಲಂತೂ ದಾರಿ ಇನ್ನಷ್ಟು ಕಷ್ಟ. ಅಕಾಲದಲ್ಲಿ ನೋವು ಕಾಣಿಸಿಕೊಂಡರೆ ಹೆರಿಗೆಗೆ ಮೊದಲೇ ತಾಯಿಯನ್ನು ದೊಡ್ಡ ಆಸ್ಪತ್ರೆಗೆ ಸಾಗಿಸುವುದು ಲೇಸು. ಶಿಶುವಿಗೆ ಗರ್ಭಕ್ಕಿಂತ ಸುರಕ್ಷಿತವಾದ ವಾಹನವಿಲ್ಲ. ಹೆರಿಗೆಯಾದ ಮೇಲೆ ಜೇನುತುಪ್ಪ, ಸಕ್ಕರೆನೀರು ಯಾವುದನ್ನೂ ನೆಕ್ಕಿಸಬಾರದು. ಕೂಸು ಹೀರಲಾರದೆಂದು ತಾಯಿ ಸುಮ್ಮನಿರಲೂಬಾರದು. ಮೊದಲ ಕೆಲವು ಗಂಟೆಗಳಲ್ಲಿಯೇ ಆರಂಭಿಸಿ, ರಾತ್ರಿಯೂ ಬಿಡದೆ, ದಿನಕ್ಕೆ ಎಂಟು ಸಲವಾದರೂ ಹಾಲನ್ನು ಕೈಯಿಂದ ಹಿಂಡಿ ತೆಗೆಯಬೇಕು. ಮೊದಲಿಗೆ ಬರುವುದು ಚಮಚದ ತಳವನ್ನಷ್ಟೇ ಮುಚ್ಚೀತು. ಆದರೆ ಆ ಶಿಶುವಿಗೆ ಅಂದು ಬೇಕಾದುದೂ ಅಷ್ಟೇ.